ಗಾಳಿಗೆ ಮುಖ ಕೊಟ್ಟವಳ ಅರ್ಜಿ

ವಿಜಯಪುರ
ಫೆಬ್ರವರಿ 30, 2207, ಮಧ್ಯಾಹ್ನ

ಸೈಕಲ್ ಸ್ಪರ್ಧಿಗಳಿಗೆ ಸರ್ಕಾರಿ ಅನುದಾನ ಹಂಚುವ ಸಮಿತಿಯ ಸದಸ್ಯರಿಗೆ ನಮಸ್ಕಾರ.

ಮೇಲಿನ ತಾರೀಖು ಕೈತಪ್ಪಿನಿಂದ ಬಿದ್ದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಒಟ್ಟುಗೂಡಿಸಿ ರಜೆ ಮಾಡಿಕೊಂಡಿದ್ದೇವೆ. ನನ್ನ ಕನ್ನಡದಲ್ಲಿ ನೀವು ಕೇಳಿರದ ಕೆಲವು ಪದಗಳು ಬರುತ್ತವೆ. ಅದಕ್ಕೆ ಕ್ಷಮೆ ಕೇಳುತ್ತೇನೆ, ಬಂದಲ್ಲೇ ಅರ್ಥವನ್ನೂ ಹೇಳುತ್ತೇನೆ. ನೀವು ನಮಗಿಂತ ಸುಮಾರು ಇನ್ನೂರು ವರ್ಷ ಹಿಂದಿನವರು, ಈ ಪತ್ರಕ್ಕೆ ನೀವು ಉತ್ತರ ಬರೆದರೂ ನನಗೆ ತಲುಪುವುದಿಲ್ಲ. ನಿಮ್ಮ ಹಾಗೆ ನಾನೂ ಒಂದು ಸಮಿತಿಯ ಅಧ್ಯಕ್ಷೆ. ಇವತ್ತು ಬೆಳಿಗ್ಗೆ ನಮ್ಮ ವಿಚಾರಣೆ ಮುಗಿಯಿತು, ಊಟವಾದ ಮೇಲೆ ತೀರ್ಮಾನಕ್ಕೆ ಕೂಡುತ್ತೇವೆ. ನಡುವಿನ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಾವು ಸ್ಪರ್ಧಿಗಳಿಗೆ ಹಣ ಕೊಡುವುದಿಲ್ಲ. ನಮ್ಮ ಜಿಲ್ಲೆ ಬದುಕಿರುವುದು ಕೃಷ್ಣೆಯಿಂದ ಬರುವ ಕಾಲುವೆಗಳ ಮೇಲೆ. ಅವುಗಳಲ್ಲಿ ಹೂಳು ತುಂಬುತ್ತದೆ, ಅಂತರಗಂಗೆ ಬೆಳೆಯುತ್ತದೆ. ಯಂತ್ರ ಇಳಿಸಿದರೆ ದಂಡೆ ಕುಸಿಯುವುದರಿಂದ ಎಲ್ಲವನ್ನೂ ಕೈಯಿಂದಲೇ ತೆಗೆಯಬೇಕು. ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವಾರದಲ್ಲಿ ಎರಡು ದಿನ ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತೇವೆ. ಇದನ್ನು ಸರದಿ ಎನ್ನುತ್ತೇವೆ. ವೈದ್ಯರಿಗೂ ಸರದಿ ಇದೆ, ನನಗೂ ಇದೆ. ಮಧ್ಯಾಹ್ನ ದಂಡೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿಕೊಂಡು, ಯಾರ ಪಾಲಿನ ಹೂಳು ಯಾರ ಕಡೆ ಸರಿಯಿತೆಂದು ಜಗಳವಾಡುತ್ತೇವೆ. ಹೀಗೆ ದಿನವಿಡೀ ಬಗ್ಗಿ ಕೆಲಸ ಮಾಡಿದ ಸೊಂಟದಿಂದ ಮರುದಿನ ಓಟದ ಸೈಕಲ್ ತುಳಿಯಲು ಆಗುವುದಿಲ್ಲ. ಆದ್ದರಿಂದ ಒಳ್ಳೆಯ ಸವಾರರಿಗೆ ಒಂದು ವರ್ಷ ಸರದಿಯಿಂದ ವಿನಾಯಿತಿ ಕೊಡುತ್ತೇವೆ. ಅದಕ್ಕೆ ಸರದಿಬಿಡುವು ಎಂದು ಹೆಸರು. ಅವರ ಪಾಲಿನ ಕೆಲಸವನ್ನು ಊರಿನವರು ಹಂಚಿಕೊಂಡು ಮಾಡುತ್ತಾರೆ. ನೀವು ಅನುದಾನ ಎನ್ನುವುದೂ ಇದೇ ಎಂದು ನಾನು ತಿಳಿದಿದ್ದೇನೆ. ನಮ್ಮಲ್ಲಿ ಅದು ಯಾರ ಬೆನ್ನಿನಿಂದ ಬಂತೆಂಬುದು ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ದಖನ್ ಪಂದ್ಯವೆಂಬ ದೊಡ್ಡ ಸೈಕಲ್ ಓಟಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ ಒಂದೇ ಬಿಡುವು. ಮೊದಲು ಊರಿನ ಓಟಗಳಲ್ಲಿ ಗೆದ್ದವರಿಗೆ ಅದನ್ನು ಕೊಡುತ್ತಿದ್ದರು. ಸೈಕಲ್ ಓಟ ನೋಡಿದ ಯಾರಿಗಾದರೂ ಅದರ ತೊಡಕು ತಿಳಿದಿರುತ್ತದೆ. ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಎದೆಗೆ ಹೊಡೆಯುತ್ತದೆ. ತಂಡದ ಒಬ್ಬಳು ಮುಂದೆ ಹೋಗಿ ಅದನ್ನು ತಡೆಯುತ್ತಾಳೆ, ಇನ್ನೊಬ್ಬಳು ಅವಳ ಬೆನ್ನಿಗಿದ್ದು ಉಸಿರು ಉಳಿಸಿಕೊಂಡು ಕೊನೆಯಲ್ಲಿ ನುಗ್ಗಿ ಗೆಲ್ಲುತ್ತಾಳೆ. ಫಲಿತಾಂಶದಲ್ಲಿ ಮುಂದಿದ್ದವಳು ಹದಿನಾಲ್ಕನೆಯವಳೋ ಇಪ್ಪತ್ತನೆಯವಳೋ ಆಗಿರುತ್ತಾಳೆ. ಅವಳ ಕೆಲಸವನ್ನು ಸರಿಯಾಗಿ ಬಲ್ಲವರು ಜೊತೆಗೆ ಓಡಿಸಿದವರು ಮಾತ್ರ. ಅದಕ್ಕಾಗಿ ನನ್ನ ತಾಯಿಯ ಕಾಲದಲ್ಲಿ ಎದುರುಮಾತು ಎಂಬ ಪದ್ಧತಿ ತಂದರು. ಯಾರೂ ತಮ್ಮ ಪರವಾಗಿ ಮಾತಾಡುವಂತಿಲ್ಲ. ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬಳ ಪರವಾಗಿ ಇನ್ನೊಬ್ಬಳು ಊರ ಮುಂದೆ ಮಾತಾಡಬೇಕು. ಸಮಿತಿ ಅಲ್ಲಿ ಕೇಳಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಎರಡೂ ಮಾತು ಸರಿಸಮ ತೂಗಿದರೆ ವಯಸ್ಸಿನಲ್ಲಿ ದೊಡ್ಡವಳಿಗೆ ಬಿಡುವು, ಏಕೆಂದರೆ ಇಪ್ಪತ್ತೈದರ ನಂತರ ಅರ್ಜಿ ಹಾಕುವಂತಿಲ್ಲ. ಸವಾರರೆಲ್ಲ ಕುಳಿತು ಕೇಳುತ್ತಿರುವುದರಿಂದ ಸುಳ್ಳು ಹೇಳಿದವರು ಅಲ್ಲೇ ಸಿಕ್ಕಿಬೀಳುತ್ತಿದ್ದರು. ಬಹಳ ವರ್ಷ ಇದು ನ್ಯಾಯವಾಗಿಯೇ ನಡೆಯಿತು.

ಹೋದ ವರ್ಷ ಉಳಿದವರು ದಾನಮ್ಮ ಹೊನವಾಡ ಮತ್ತು ಸೋನಾಬಾಯಿ ಚವ್ಹಾಣ. ಇಬ್ಬರೂ ಒಂದೇ ತಂಡದವರು. ದಾನಮ್ಮ ದೊಡ್ಡವಳು, ಗಾಳಿ ತಡೆಯುವವಳು. ಸೋನಾಬಾಯಿ ಗೆಲ್ಲುವವಳು. ದಾನಮ್ಮ ಮೊದಲು ಎದ್ದಳು. ಸೋನಾಬಾಯಿ ಕೊನೆಯ ಏರಿನಲ್ಲಿ ಗೇರು ಬದಲಿಸದೆ ಕಾಯುವ ಬಗೆ, ಬಿದ್ದ ದಿನವೂ ರಕ್ತ ಒರೆಸಿಕೊಂಡು ಓಟ ಮುಗಿಸಿದ್ದು, ಕಾಲುವೆ ಕೆಲಸ ಮುಗಿಸಿ ಬಂದು ಒದ್ದೆ ಬಟ್ಟೆಯಲ್ಲೇ ಅಭ್ಯಾಸಕ್ಕೆ ನಿಲ್ಲುತ್ತಿದ್ದದ್ದು, ಎಲ್ಲವನ್ನೂ ಹೇಳಿದಳು. ಕೇಳುತ್ತಿದ್ದವರ ಸಾಲಿನಿಂದ ದಾನಮ್ಮನ ತಾಯಿ ನೀಲವ್ವ ಸಾಕೆಂದು ಕಣ್ಣುಸನ್ನೆ ಮಾಡುತ್ತಿದ್ದುದನ್ನು ನಾವೆಲ್ಲ ನೋಡಿದೆವು. ದಾನಮ್ಮನೂ ನೋಡಿದಳು. ನಿಲ್ಲಿಸಲಿಲ್ಲ.

ಆಮೇಲೆ ಸೋನಾಬಾಯಿ ಎದ್ದಳು. ಮನೆಯಲ್ಲೂ ಹೆಚ್ಚು ಮಾತಾಡದ ಹುಡುಗಿ. ದಾನಮ್ಮ ಚೆನ್ನಾಗಿ ಓಡಿಸುತ್ತಾಳೆ ಎಂದು ಹೇಳಿ ಕುಳಿತೇಬಿಟ್ಟಳು. ಹಿಂದಿನಿಂದ ಒಬ್ಬ ಹೆಂಗಸು, “ಯವ್ವಾ ಸೋನಿ, ಇಷ್ಟ ಹೇಳಾಕ ಎದ್ದ್ಯಾಕ ನಿಂತಿ, ಕುಂತ ಹೇಳಬೇಕಿತ್ತಲ್ಲ,” ಎಂದಳು. ಜನ ನಕ್ಕರು. ಇನ್ನೂ ಹೇಳಬೇಕೆಂದು ನಾನು ಕೇಳಿಕೊಂಡಾಗ ಸೋನಾಬಾಯಿ ಮತ್ತೆ ಎದ್ದಳು.

“ಆಕಿ ಮುಂದ ಇರ್ತಾಳ್ರೀ. ನಾ ಹಿಂದ ಇರ್ತೀನಿ. ಮತ್ತೇನ ಹೇಳ್ಲಿ?”

ಒಳಗೆ ನಾವು ಬಹಳ ಹೊತ್ತು ವಾದಿಸಿದೆವು. ಸದಸ್ಯರಾದ ಅಲ್ತಾಫ್ ಮುಜಾವರ ಅವರು, ಆ ಎರಡು ಮಾತಿನಲ್ಲಿ ಹೇಳಬೇಕಾದದ್ದೆಲ್ಲ ಬಂದಿದೆ ಎಂದರು. ಮತ್ತೊಬ್ಬರು, ಹುಡುಗಿ ಬೇಕೆಂದೇ ಬಾಯಿ ಕಟ್ಟಿಕೊಂಡಿದ್ದಾಳೆ ಎಂದರು. ಅದು ಅವಳ ಸ್ವಭಾವವೆಂದು ನನಗನ್ನಿಸಿತು, ಆದರೆ ಯಾವುದಕ್ಕೂ ಪುರಾವೆ ಇರಲಿಲ್ಲ. ಕೇಳಿದ ಮಾತುಗಳನ್ನು ತೂಗಿದರೆ ಸೋನಾಬಾಯಿಯ ಪರವಾಗಿ ಬಂದದ್ದು ಹೆಚ್ಚು. ನಾನು ನಿಯಮದಂತೆ ಮತ ಹಾಕಿದೆ. ಆ ದಿನಕ್ಕೆ ಅದು ಸರಿಯೆಂದೇ ಈಗಲೂ ಹೇಳುತ್ತೇನೆ. ಸೋನಾಬಾಯಿ ದಖನ್ ಪಂದ್ಯದಲ್ಲಿ ಮೂರನೆಯವಳಾಗಿ ಬಂದಳು. ಅದರಿಂದ ನಮ್ಮ ತೀರ್ಪು ಸರಿ ಎಂದಾಗಲಿ ತಪ್ಪು ಎಂದಾಗಲಿ ತಿಳಿಯುವುದಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ, ಇಲ್ಲಭೇಟಿ. ಯಾರಿಗೆ ಇಲ್ಲ ಎಂದೆವೋ ಅವರ ಮನೆಗೆ ಆ ಸಂಜೆಯೇ ಅಧ್ಯಕ್ಷರು ಸೈಕಲ್ ತುಳಿದುಕೊಂಡು ಹೋಗಿ, ಅಂಗಳದಲ್ಲಿ ಕುಳಿತು ವಿಷಯ ತಿಳಿಸಬೇಕು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ನಿಜ ಹೇಳಬೇಕು. ಕೇಳುವುದು ಮುಗಿದ ಮೇಲೆ ಎದ್ದು ಬರಬಹುದು. ನಾನು ಹೋದಾಗ ದಾನಮ್ಮ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನು ತೊಳೆಯುತ್ತಿದ್ದಳು. ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಅವಳಿಗೆ ಗೊತ್ತಾಗಿರಬೇಕು. ನೀರು ತಂದುಕೊಟ್ಟಳು. ಒಂದೇ ಪ್ರಶ್ನೆ ಕೇಳಿದಳು.

“ನಾನೂ ಸೋನಿ ಹಂಗ ಎರಡ ಮಾತ ಆಡಿ ಕುಂತಿದ್ರ, ನನಗ ಸಿಗ್ತಿತ್ತೇನ್ರೀ?”

ಹಾಗಾಗಿದ್ದರೆ ಎರಡೂ ಮಾತು ಸಮ ತೂಗುತ್ತಿದ್ದವು. ಅವಳು ದೊಡ್ಡವಳು.

“ಸಿಗ್ತಿತ್ತವಾ,” ಎಂದೆ.

ನೀಲವ್ವ ಒಲೆಯ ಮುಂದಿನಿಂದ ಏಳಲಿಲ್ಲ. “ಕೇಳಿದೇನು? ನಾ ಬಡ್ಕೊಂಡಿದ್ದು ಇದಕ್ಕ,” ಎಂದು ಅಲ್ಲಿಂದಲೇ ಮಗಳಿಗೆ ಹೇಳಿದಳು. ದಾನಮ್ಮ ಮತ್ತೇನೂ ಕೇಳದೆ ಚೈನಿನ ಕೆಲಸಕ್ಕೆ ಮರಳಿದಳು. ಆ ವರ್ಷವೆಲ್ಲ ಅವಳು ತನ್ನ ಸರದಿ ಮಾಡಿದಳು, ಸೋನಾಬಾಯಿಯ ಪಾಲಿನಲ್ಲಿ ತನಗೆ ಬಂದಷ್ಟನ್ನೂ ಮಾಡಿದಳು, ಉಳಿದ ಹೊತ್ತಿನಲ್ಲಿ ಸೈಕಲ್ ತುಳಿದಳು.

ನಿಯಮ ಬದಲಿಸಲು ನಾವು ಪ್ರಯತ್ನಿಸಿದೆವು. ಇದಕ್ಕೆ ಇಡೀ ಊರು ಒಪ್ಪಬೇಕು. ಓಟದ ಸಮಯ ನೋಡಿ ಕೊಡೋಣವೆಂದರೆ ಗಾಳಿ ತಡೆಯುವವರಿಗೆ ಮತ್ತೆ ಅನ್ಯಾಯ. ತರಬೇತುದಾರರನ್ನು ಕೇಳೋಣವೆಂದರೆ, ಅವರ ಅಳಿಯಂದಿರಿಗೂ ಸೊಸೆಯಂದಿರಿಗೂ ಬಿಡುವು ಹೋಗುತ್ತಿದ್ದ ಇನ್ನೂ ಹಳೆಯ ಕಾಲವನ್ನು ಹಿರಿಯರು ನೆನಪಿಸಿದರು. ಇನ್ನೊಬ್ಬರ ಹೂಳು ತೆಗೆಯುವವರು ನಾವು, ಯಾಕೆಂದು ನಮ್ಮ ಕಿವಿಯಿಂದಲೇ ಕೇಳಬೇಕು ಎಂದು ಜನ ಪಟ್ಟು ಹಿಡಿದರು. ಅವರ ಮಾತೂ ನ್ಯಾಯವಾಗಿತ್ತು. ನಿಯಮ ಹಾಗೆಯೇ ಉಳಿಯಿತು.

ಇವತ್ತು ಬೆಳಿಗ್ಗೆ ದಾನಮ್ಮ ಮತ್ತೆ ಬಂದಿದ್ದಳು. ಇದು ಅವಳಿಗೆ ಕೊನೆಯ ಅವಕಾಶ. ಎದುರಾಳಿ ಟಿಕೋಟಾದ ಪರ್ವೀನ್ ಮುಲ್ಲಾ, ಓಟಕ್ಕೆ ಹೊಸಬಳು. ಪರ್ವೀನ್ ಪ್ರಾಮಾಣಿಕವಾಗಿಯೇ ಮಾತಾಡಿದಳು, ಆದರೆ ದಾನಮ್ಮನ ಜೊತೆ ಅವಳು ಓಡಿಸಿದ್ದೇ ಕಡಿಮೆ. ಹೇಳಲು ಅವಳಲ್ಲಿ ಹೆಚ್ಚೇನೂ ಇರಲಿಲ್ಲ. ಆಮೇಲೆ ದಾನಮ್ಮ ಎದ್ದಳು. ತಾಯಿ ನೀಲವ್ವ ಬಂದಿರಲಿಲ್ಲ, ಆಕೆಗೆ ಇವತ್ತು ಸರದಿ.

“ಹೋದ ವರ್ಷದ ನಿಯಮನ ಐತೇನ್ರೀ?” ಎಂದು ದಾನಮ್ಮ ನನ್ನನ್ನು ಕೇಳಿದಳು.

ಅದೇ ಎಂದೆ. ಅವಳು ಏನು ಮಾಡಿದರೂ ತಪ್ಪೆನ್ನುವವರು ಅಲ್ಲಿರಲಿಲ್ಲ. ಎರಡು ಮಾತು ಹೇಳಿ ಕುಳಿತಿದ್ದರೆ ಬಿಡುವು ಅವಳದೇ. ಹಿಂದಿನ ಸಾಲಿನಲ್ಲಿದ್ದ ಸೋನಾಬಾಯಿ ತಲೆ ತಗ್ಗಿಸಿದ್ದಳು.

ದಾನಮ್ಮ ಪರ್ವೀನಳ ದೋಷದಿಂದಲೇ ಶುರುಮಾಡಿದಳು: ಇಳಿಜಾರಿನಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾಳೆ, ತಿರುವಿನಲ್ಲಿ ಹೆದರುತ್ತಾಳೆ. ನಂತರ, ಒಂದೇ ಒಂದು ಓಟದಲ್ಲಿ ತಾನು ಕಂಡದ್ದನ್ನು ಊರು, ತಿರುವು, ಗಾಳಿಯ ದಿಕ್ಕಿನ ಸಮೇತ ವಿವರಿಸಿದಳು. ಗುಂಪು ಸುಸ್ತಾಗಿ ಎಲ್ಲರೂ ಒಬ್ಬರ ಹಿಂದೊಬ್ಬರು ಅಡಗುತ್ತಿದ್ದಾಗ ಈ ಹುಡುಗಿ ಯಾರೂ ಹೇಳದೆ ಮುಂದೆ ಬಂದಿದ್ದಳು.

“ಗಾಳಿ ತಡಿಯೂದ ಆಕಿಗೆ ಯಾರೂ ಕಲಿಸಿಲ್ಲ. ತಾನ ಮುಂದ ಬಂದ್ಳು. ನೀವ್ಯಾರೂ ನೋಡಿಲ್ಲ, ನಾ ನೋಡೀನಿ. ಇದನ್ನ ನಾ ಹೇಳದಿದ್ರ ಮತ್ಯಾರ ಹೇಳ್ತಾರ?”

ಹೀಗೆ ಹೇಳಿ ಕುಳಿತಳು.

ನಿಯಮದಂತೆ ತೂಗಿದರೆ ಬಿಡುವು ಪರ್ವೀನಳದು. ದಾನಮ್ಮನಿಗೆ ಕೊಡಬೇಕೆಂದು ಸಮಿತಿಯ ಐವರ ಮನಸ್ಸಿನಲ್ಲೂ ಇದೆ. ಊಟದ ಹೊತ್ತಿನಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಆ ನಿಯಮವನ್ನು ನಂಬಿ ಬಂದವಳು ಪರ್ವೀನ್. ಅದು ಅವಳ ಕಡೆ ತೂಗಿದ ದಿನವೇ ಅದನ್ನು ಮುರಿದರೆ, ಸಂಜೆ ಟಿಕೋಟಾದ ಅಂಗಳದಲ್ಲಿ ಅವಳು ಕೇಳುವ ಪ್ರಶ್ನೆಗೂ ನಾನು ನಿಜವನ್ನೇ ಹೇಳಬೇಕಾಗುತ್ತದೆ. ಆದ್ದರಿಂದ ನಿಯಮದಂತೆಯೇ ಮತ ಹಾಕುತ್ತೇನೆ. ನಾಳೆಯಿಂದ ಮತ್ತೆ ಮನೆಮನೆಗೆ ಹೋಗಿ ಈ ನಿಯಮ ಬದಲಿಸಲು ಕೇಳುತ್ತೇನೆ. ಅದರಿಂದ ದಾನಮ್ಮನಿಗೆ ಪ್ರಯೋಜನವಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನಿಯಮಗಳು ಇನ್ನೂ ಹಸಿಯಾಗಿವೆ, ತಿದ್ದಲು ನಿಮಗೆ ಇಡೀ ಊರಿನ ಒಪ್ಪಿಗೆ ಬೇಕಿಲ್ಲ. ಸುಳ್ಳು ಹೇಳುವವರನ್ನು ಹಿಡಿಯಲು ನಾವು ಎಷ್ಟೆಲ್ಲ ಯೋಚಿಸಿದ್ದೆವು, ನಿಜ ಹೇಳುವವಳೊಬ್ಬಳು ಬಂದರೆ ಅವಳ ಗತಿ ಏನೆಂದು ಯೋಚಿಸಿರಲಿಲ್ಲ. ನೀವು ನಿಯಮ ಬರೆದು ಮುಗಿಸುವ ಮೊದಲು ಅಂಥವಳೊಬ್ಬಳನ್ನು ಅದರೊಳಗೆ ನಡೆಸಿ ನೋಡಿ.

ಒಳಗೆ ಕರೆಯುತ್ತಿದ್ದಾರೆ. ಸಂಜೆ ಹೊನವಾಡರ ಮನೆಗೆ ಹೋಗಬೇಕು. ಈ ಸಲ ದಾನಮ್ಮ ಏನನ್ನೂ ಕೇಳಲಾರಳು ಎಂದು ನನಗೆ ಅನ್ನಿಸುತ್ತಿದೆ. ಅವಳು ಕೇಳದಿದ್ದರೆ ನಾನು ಕೂಡಲೇ ಎದ್ದು ಬರಬಹುದು. ನಾನು ಏಳುವುದಿಲ್ಲ, ಕುಳಿತಿರುತ್ತೇನೆ.

ಇಂದುಮತಿ ನಾಗಠಾಣ
ಅಧ್ಯಕ್ಷೆ, ಸರದಿಬಿಡುವು ಸಮಿತಿ