ಬುಸ್ ಎನ್ನುವ ಜಾಕೆಟ್ಟು

ಮಾರ್ಚ್ 3, ಮಧ್ಯಾಹ್ನ 2
ಇವತ್ತೂ ಅದೇ ಹಾಡು. ನೀರಿನಲ್ಲಿ ತೇಲಿಸುವ ಜಾಕೆಟ್ಟಿಗೆ ಭರ್ತಿ ಗಾಳಿ ತುಂಬಿಕೊಂಡೇ ಇಳಿದೆ. ಎದೆ ಬಿಗಿದು ಉಸಿರು ಕಟ್ಟಿತು. ಬಾಟಲಿಯ ಹಾಗೆ ನೆಟ್ಟಗೆ ನಿಂತುಬಿಟ್ಟೆ. ಕಾಲು ಬಡಿದದ್ದೇ ಬಂತು. ಭಯಕ್ಕೆ ಗಾಳಿಯ ಬಟನ್ ಒತ್ತುತ್ತಲೇ ಇದ್ದೆ... ಬೆನ್ನ ಹಿಂದೆ ಬುಸ್! ಎಲ್ಲೋ ಸೋರುತ್ತಿದೆ. ತಂಗಿ ಮಾತ್ರ ಮಂಚದ ಮೇಲೆ ಮಲಗಿದವಳಂತೆ ತೇಲುತ್ತ ದಡ ಸೇರಿದಳು.

ಹನ್ನೆರಡನೇ ತಾರೀಖು ಪರೀಕ್ಷೆ. ಉಸಿರಾಟದ ಸಿಲಿಂಡರ್ ಹೊತ್ತು ನೀರಿನ ಮೇಲೆ ಇನ್ನೂರು ಮೀಟರ್ ಈಜಬೇಕು. ಬಂದರಿನ ಮುಳುಗುಗಾರರ ತಂಡದಲ್ಲಿ ಖಾಲಿ ಇರುವುದು ಒಂದೇ ಜಾಗ. ನಾನು, ತಂಗಿ, ನಾವು ಇಬ್ಬರು. ಈ ಸಲ ತಪ್ಪಿದರೆ ನನಗೆ ವಯಸ್ಸು ಮೀರುತ್ತದೆ.

ಮಾರ್ಚ್ 5
ನೀರಿಗಿಳಿಯುವ ಮುನ್ನ ಒಬ್ಬರ ಜಾಕೆಟ್ಟನ್ನು ಇನ್ನೊಬ್ಬರು ಪರೀಕ್ಷಿಸಬೇಕು. ನನ್ನದನ್ನು ನೋಡುವವಳು ತಂಗಿ. ಭುಜದ ಮೇಲೆ ಗಾಳಿ ಬಿಡುವ ವಾಲ್ವಿನ ಹತ್ತಿರ ಅವಳ ಬೆರಳು ಬಹಳ ಹೊತ್ತು ಇತ್ತು. ಯಾಕೆ?

"ಅಕ್ಕಾ, ಅರ್ಧ ಗಾಳಿ ಬಿಡು. ಎದೆ ಪಟ್ಟಿ ಸಡ್ಲ ಮಾಡ್ಕೊಂಡು ಅಂಗಾತ ಮಲ್ಕೋ. ಕಾಲು ನೀರೊಳಗೇ ಆಡ್ಸು, ನಿಧಾನಕ್ಕೆ."

ಸೋರುವ ಜಾಕೆಟ್ಟಿನಿಂದ ಇನ್ನಷ್ಟು ಗಾಳಿ ಬಿಡಬೇಕಂತೆ! ಯಾರ ಕಿವಿ ಮೇಲೆ ಹೂವಿಡುತ್ತಾಳೆ?

ಮಾರ್ಚ್ 6
ಮತ್ತೆ ಬುಸ್. ದಡಕ್ಕೆ ಬಂದು ಒತ್ತಿ ನೋಡಿದರೆ ಜಾಕೆಟ್ಟು ಗಟ್ಟಿಯಾಗೇ ಇದೆ. ನನ್ನನ್ನು ಮೇಲೆ ಹತ್ತಿಸುವಾಗ ತಂಗಿ ಸರಿ ಮಾಡಿಬಿಟ್ಟಿರಬೇಕು. ಭಾರೀ ಚಾಲಾಕಿ.

ಮಾರ್ಚ್ 9
ದೂರು ಬರೆದುಬಿಟ್ಟೆ. 'ತಂಗಿ ತನ್ನ ಅಕ್ಕನ ಜಾಕೆಟ್ಟನ್ನು ಬೇಕಂತಲೇ ಕೆಡಿಸುತ್ತಿದ್ದಾಳೆ.' ಹೆಸರು ಹಾಕಲಿಲ್ಲ. ಮೇಲ್ವಿಚಾರಕರ ಮೇಜಿನ ಮೇಲಿಟ್ಟು ಬಂದೆ. ಎದೆ ಡವಗುಟ್ಟುತ್ತಿದೆ... ತಪ್ಪು ಮಾಡಿದವಳು ಅವಳು. ನನಗೇಕೆ?

ಮಾರ್ಚ್ 12
ವಿಚಾರಣೆ ಮುಗಿಯುವ ತನಕ ತಂಗಿ ನೀರಿಗೆ ಇಳಿಯುವ ಹಾಗಿಲ್ಲವಂತೆ. ಪರೀಕ್ಷೆ ನನಗೊಬ್ಬಳಿಗೇ. ಸ್ಟೋರಿನವರು ಹೊಸ ಜಾಕೆಟ್ ಕೊಟ್ಟರು. ಗಾಳಿ ತುಂಬಿದೆ. ಬುಸ್!

"ಇದೂ ಸೋರ್ತಿದೆ!"

ಸ್ಟೋರಿನವರು ನಕ್ಕರು. "ಸೋರೋದಲ್ಲಮ್ಮ. ತುಂಬಿದ್ಮೇಲೂ ತುಂಬ್ತಾ ಇದ್ರೆ ಹೆಚ್ಚಿನ ಗಾಳೀನ ಅದೇ ಹೊರಗೆ ಬಿಡುತ್ತೆ. ಇಲ್ದಿದ್ರೆ ಒಡ್ದೋಗುತ್ತೆ. ಎಲ್ಲಾ ಜಾಕೆಟ್ಟೂ ಅಷ್ಟೇ."

ಹಾಗಾದರೆ ತಂಗಿ ಏನೂ ಮಾಡಿರಲಿಲ್ಲ. ಅರ್ಧ ಗಾಳಿ ಬಿಟ್ಟೆ. ಪಟ್ಟಿ ಸಡಿಲಿಸಿ ಅಂಗಾತ ಮಲಗಿದೆ. ಉಸಿರು ಸಲೀಸಾಯಿತು. ಇನ್ನೂರು ಮೀಟರ್ ಹೇಗೆ ಮುಗಿಯಿತೋ ಗೊತ್ತೇ ಆಗಲಿಲ್ಲ. ದಡದಿಂದ ತಂಗಿ ಕೂಗುತ್ತಿದ್ದಳು — "ಹಂಗೇ ಅಕ್ಕಾ, ಹಂಗೇ!"

ಮೇಲೆ ಬಂದ ಮೇಲೂ ಮಾಸ್ಕ್ ತೆಗೆಯಲಿಲ್ಲ. ನಾಚಿಕೆ. ಅವಳ ಮುಖ ನೋಡಲಾಗಲಿಲ್ಲ.

ಮಾರ್ಚ್ 13, ಬೆಳಿಗ್ಗೆ 9
ಕೆಲಸ ನನಗೇ ಸಿಕ್ಕಿತು. ತಂಗಿ ನನ್ನ ಮನೆಗೆ ಬಂದಿದ್ದಾಳೆ. ಅತ್ತೂ ಅತ್ತೂ ಕಣ್ಣು ಊದಿದೆ.

"ಯಾರೋ ಹೆಸ್ರಿಲ್ದೆ ಬರ್ದಿದಾರಂತೆ. ಕಾಗ್ದ ಕೇಳಿ ಇಸ್ಕೊಂಡ್ಬಂದೆ, ಇನ್ನೂ ಬಿಚ್ಚಿ ನೋಡಿಲ್ಲ. ಒಬ್ಳೇ ಓದೋಕೆ ಧೈರ್ಯ ಇಲ್ಲ ಅಕ್ಕಾ. ನೀನೂ ಜೊತೇಲಿರು."

ಮುಖ ತೊಳೆಯಲು ಬಚ್ಚಲಿಗೆ ಹೋಗಿದ್ದಾಳೆ. ಕಾಗದ ಮಡಚಿದ ಹಾಗೇ ನನ್ನ ಮುಂದಿದೆ. ಬಿಚ್ಚಿದರೆ ನನ್ನ ಅಕ್ಷರ ಗುರುತಿಸುತ್ತಾಳೆ. ಹರಿದು ಹಾಕಬಹುದು. ಬೇಡ. ಅವಳು ಬಿಚ್ಚುವ ಮೊದಲು ನಾನೇ ಹೇಳಬೇಕು. ಹೇಗೆ ಶುರು ಮಾಡಲಿ... ನಲ್ಲಿ ನಿಂತಿತು. ಬರುತ್ತಿದ್ದಾಳೆ. ಮೊದಲು...