ಚಕ್ರದೊಳಗಿನ ಕೆಸರು

ಅಪ್ಪಾ,

ಜೀಪಿನ ಸ್ಟೀರಿಂಗ್ ಯಾಕೆ ನಡುಗ್ತಿತ್ತು ಅಂತ ಗೊತ್ತಾಯ್ತು. ಟೈರು ಬದಲಿಸಿದೆ, ಬೇರಿಂಗ್ ನೋಡಿದೆ, ಮೂರು ಭಾನುವಾರ ಹಾಳಾಯ್ತು. ಕೊನೆಗೆ ಚಕ್ರ ಬಿಚ್ಚಿದರೆ ಒಳಗಡೆ ಗುಡ್ಡದ ಕೆಸರು ಒಣಗಿ ಇಟ್ಟಿಗೆ ಥರ ಕೂತಿತ್ತು. ಕೆರೆದು ತೆಗೆದೆ, ನಡುಕ ನಿಂತಿತು.

"ನಡುಗೋದು ಜೀಪಲ್ಲ, ನಿನ್ನ ಕೈ" ಅಂತ ಕೀಲಿ ಕಿತ್ತುಕೊಂಡವಳು ನಾನೇ. ಗುಡ್ಡಕ್ಕೆ ಹೋಗಲಾಗದವನಿಗೆ ಕುರಿ ಯಾಕೆ ಅಂತ ನೀನು ಮಂದೆಯನ್ನೇ ಮಾರಿಬಿಟ್ಟೆ.

ನಿನ್ನೆ ಆ ಮಂದೆಯ ಹನ್ನೊಂದು ಕುರಿ ಮೂರು ಕಣಿವೆ ದಾಟಿ ನಮ್ಮ ಗುಡ್ಡಕ್ಕೇ ವಾಪಸು ಬಂದಿವೆ. ಅವನ್ನು ಕೊಂಡುಕೊಂಡ ಗ್ವಿಲಿಮ್ ಸಿಡುಕ್ತಿದ್ದಾನೆ. ಜೀಪಿನ ಹಿಂದಿನ ಟ್ರೇಲರಿಗೆ ಹತ್ತಿಸಿ ಅವನಲ್ಲಿಗೆ ಬಿಟ್ಟುಬರಬೇಕು. ನಾನು ಕರೆದರೆ ತಲೆ ಎತ್ತಿ ನೋಡಿ ಮತ್ತೆ ಮೇಯ್ತವೆ. ನನಗೂ ಸಾಕಾಗಿದೆ.

ಕಾರ್ಡಿಫ್‌ನ ಅಕ್ಕನ ಮನೆಯಿಂದ ಶನಿವಾರದ ಬಸ್ಸಿಗೆ ಬಾ. ಜೀಪಿನ ಕೀಲಿ ಹಳೇ ಮೊಳೆಯಲ್ಲೇ ಇದೆ.

ನಿನ್ನ ಮಗಳು,
ನೆರಿಸ್