ಸರ್ವರ್ ತಡೆದ ಪತ್ರ

ಕೊಟ್ಟೂರು
ಮಂಗಳವಾರ, 18 ನವೆಂಬರ್ 2025

ನನ್ನ ರೇಣುಕಾ,

ಬರುತ್ತೇನೆ, ಬರುತ್ತೇನೆ, ಬಂದೇ ಬರುತ್ತೇನೆ! ಭಾನುವಾರದ ನಾಮಕರಣಕ್ಕೆ ಮೊದಲ ಬಸ್ಸನ್ನೇ ಹತ್ತಿ ಹಿರೇಹಡಗಲಿಗೆ ಬರುತ್ತೇನೆ. ನಿನ್ನ ಮಗಳ ಕಿವಿಯಲ್ಲಿ ಹೆಸರು ಹೇಳುವವಳು ನಾನೇ. ಬುಧವಾರದೊಳಗೆ ಉತ್ತರ ಬರದಿದ್ದರೆ ಪಕ್ಕದ ಮನೆಯ ಸೌಭಾಗ್ಯಳನ್ನು ಕೂರಿಸುತ್ತೇನೆ ಎಂದು ಬರೆದಿದ್ದೀಯಲ್ಲ, ಇವತ್ತಿನ್ನೂ ಮಂಗಳವಾರ ಕಣೇ!

ನಿನ್ನ ಪತ್ರ ಬಂದು ಹನ್ನೊಂದು ದಿನವಾಗಿದೆ. ನಾನು ನೋಡಿದ್ದು ಇವತ್ತು. ನಮ್ಮ ಬೀಜದ ಕಂಪನಿಗೆ ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಐದು ಊರಲ್ಲಿ ಅಂಗಡಿಗಳು, ಇನ್ನೂರು ಜನರ ಇಮೇಲು. ಆ ಸರ್ವರಿಗೆ ನಾನೊಬ್ಬಳೇ ದಿಕ್ಕು. ಕಳೆದ ವರ್ಷ ಲೋಕಸಭೆ ಚುನಾವಣೆಯಲ್ಲಿ ಬೀಜದ ಆರ್ಡರಿಗಿಂತ ದೆಹಲಿಯ ಜಗಳವೇ ಹೆಚ್ಚು ಬರುತ್ತಿತ್ತು. ತಲೆಕೆಟ್ಟು ಒಂದು ಫಿಲ್ಟರ್ ಹಾಕಿದೆ. ಚುನಾವಣೆ, ಪಕ್ಷ, ಸರ್ಕಾರ ಅಂತೆಲ್ಲ ಇರುವ ಪತ್ರ ಪಕ್ಕಕ್ಕೆ ಹೋಗಿ ಬೀಳಬೇಕು. ನೀನೋ, ‘ಆ ಚುನಾವಣಿ ಜಗಳ ಮರ್ತುಬಿಡು’ ಎಂದೇ ಶುರುಮಾಡಿದ್ದೀ. ಸಿಕ್ಕಿಬಿತ್ತು! ಇವತ್ತು ಹೊಸ ಸರ್ವರಿಗೆ ಎಲ್ಲ ಸಾಗಿಸುವಾಗ ತಡೆದಿಟ್ಟ ಪತ್ರಗಳ ರಾಶಿಯಲ್ಲಿ ನಿನ್ನ ಹೆಸರು ಕಂಡು ಕಿರುಚಿಬಿಟ್ಟೆ. ಪಕ್ಕದ ಮೇಜಿನ ಅರುಣ್ ಕುಮಾರ್ ಗಾಬರಿಯಾಗಿ, “ಯಾಕ್ರೀ ಮೇಡಂ, ಸರ್ವರ್ ಹೋತೇನ್ರಿ?” ಎಂದು ಓಡಿಬಂದ.

‘ನಮ್ಮ ಮನಿಯವರಿಗೆ ಅಕ್ಕ-ತಂಗಿ ಯಾರೂ ಇಲ್ಲ. ಸೋದರತ್ತಿ ಜಾಗ ನಿಂದು ಲೇ. ನಮ್ಮ ಅತ್ತಿ ಈರಕ್ಕನವರೂ ಒಪ್ಯಾರ’ ಎಂದು ಬರೆದಿದ್ದೀ. ಆ ಸಾಲು ಎಷ್ಟು ಸಲ ಓದಿದೆನೋ. ಫೋನ್ ಮಾಡಿದರೆ ಮತ್ತೆ ಜಗಳವಾದೀತೆಂದು ಹೆದರಿದೆಯಂತೆ. ನನಗೂ ಅದೇ ಭಯ, ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಎಂಥ ಜಗಳ ಅದು! ಇಬ್ಬರ ಬೆರಳಲ್ಲೂ ಮತದ ಶಾಯಿ, ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ. ದೇಶ ನಡೀಬೇಕಂದ್ರ ಕೆಲವರ ಬಾಯಿ ಮುಚ್ಚಿಸಬೇಕಾಗತೈತಿ ಎಂದು ನೀನು. ಎದುರು ಮಾತಾಡುವವರ ಬಾಯಿ ಮುಚ್ಚಿಸುವ ಸರ್ಕಾರ ಯಾವುದಾದರೂ ನನಗೆ ಬೇಡವೆಂದು ನಾನು. ಅಂಗಡಿಯ ಪಾಲಾಕ್ಷಪ್ಪ, “ಯವ್ವಾ, ದಿಲ್ಲಿಗೆ ಕೇಳ್ಸಂಗಿಲ್ಲ, ಸಣ್ಣಗ ಮಾತಾಡ್ರಿ” ಅಂದರೂ ನಾವು ಕೇಳಲಿಲ್ಲ. ಮೆಣಸಿನಕಾಯಿ ಹಾಗೇ ಬಿಟ್ಟು ಎದ್ದೆವು.

ಒಂದು ಮಾತು ಹೇಳಲೇ? ಸರ್ವರ್ ತಾನಾಗಿ ನಿನ್ನ ಪಕ್ಷ ಯಾವುದೆಂದು ಕೇಳುವುದಿಲ್ಲ. ಹೇಳಿದ ವಿಳಾಸದಿಂದಲೇ ಪತ್ರ ಹೊರಟಿದೆಯೇ ಎಂದಷ್ಟೇ ಪರೀಕ್ಷಿಸುತ್ತದೆ. ಹೆಸರು ಒಬ್ಬರದು, ಹೊರಟ ಜಾಗ ಇನ್ನೊಂದು ಆದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಮತ ಕೇಳಲು ಬರುವವರ ಭಾಷಣಕ್ಕೂ ಇಂಥದೊಂದು ಬಾಗಿಲಿದ್ದರೆ ಅರ್ಧ ಭಾಷಣ ಊರಿಗೇ ಬರುತ್ತಿರಲಿಲ್ಲ! ಆದರೆ ಬಾಗಿಲು ಕಾಯುವವರನ್ನು ಕಾಯುವವರು ಯಾರು? ಅದು ದೆಹಲಿಯಲ್ಲೂ ಗೊತ್ತಿಲ್ಲ, ನಮ್ಮ ಆಫೀಸಿನಲ್ಲೂ ಗೊತ್ತಿಲ್ಲ.

ಅಮ್ಮಿ ಜೈನಾಬ್ ಬೀ ಆಗಲೇ ಮಗುವಿನ ತಲೆಗೆ ಕುಂಚಿಗೆ ಹೊಲಿಯಲು ಕುಳಿತಿದ್ದಾಳೆ. ಕೆಂಪು ಬಟ್ಟೆ, ಅಂಚಿಗೆ ಜರಿ. “ಒಂದೂವರಿ ವರ್ಷ ಮಾರಿ ನೋಡ್ಲಿಲ್ಲ, ಈಗ ನೋಡು ಹೆಂಗ ಕುಣ್ಯಾಕತ್ಯಾಳ” ಎಂದು ನನ್ನನ್ನೇ ಬೈಯುತ್ತಾಳೆ. ಬೈಯಲಿ ಬಿಡು. ನನಗೆ ನೀನು ಬೇಕಾಗಿದ್ದೆ ರೇಣುಕಾ, ಪ್ರತಿದಿನ ಬೇಕಾಗಿದ್ದೆ.

ನಿನ್ನ ಮಗಳ ಸೋದರತ್ತೆ,
ಮೆಹರೀನ

ತಾ.ಕ.: ಇಷ್ಟು ಬರೆದು ಕಳಿಸಿಬಿಡೋಣವೆಂದಿದ್ದೆ, ಕೈ ಬರಲಿಲ್ಲ. ಫಿಲ್ಟರಿನದು ಏನೂ ತಪ್ಪಿಲ್ಲ. ಅವತ್ತು ಅಂಗಡಿಯಿಂದ ಎದ್ದವಳು ನೇರ ಆಫೀಸಿಗೆ ಹೋಗಿ ನಿನ್ನ ವಿಳಾಸವನ್ನು ನಾನೇ ಬಂದ್ ಮಾಡಿದ್ದೆ. ತಡೆದ ರಾಶಿಯಲ್ಲಿ ನಿನ್ನ ಪತ್ರ ಒಂದಲ್ಲ, ನಾಲ್ಕಿದ್ದವು. ಮೊದಲನೆಯದು ಜಗಳದ ಮರುದಿನದ್ದು, ‘ತಪ್ಪಾತು, ಮಾತಾಡು’ ಎಂಬ ಎರಡೇ ಮಾತು. ಹೆಸರಿಟ್ಟ ಕೂಡಲೇ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದುತ್ತಾರಲ್ಲ, ನಿನ್ನ ಸರದಿ ಬಂದಾಗ ಮೆಲ್ಲಗೆ ಗುದ್ದಬೇಡ.